ಅಚ್ಚಿಗೆ ಪಾಕ ಸುರಿಯುವ ಗಳಿಗೆ

ಸಂಕ್ರಾಂತಿಗೆ ನಾಲ್ಕೈದು ದಿನ ಇರುವಾಗ ನಮ್ಮ ಮನೆಯ ಅಟ್ಟದಿಂದ ಮರದ ಅಚ್ಚುಗಳು ಕೆಳಗಿಳಿಯುತ್ತವೆ: ತುಳಸಿಕಟ್ಟೆ, ಆನೆ, ನವಿಲು, ಮೀನು. ಹಳೆಯ ಮೈಸೂರು ಭಾಗದಲ್ಲಿ ಎಳ್ಳು ಬೀರುವ ತಟ್ಟೆಯಲ್ಲಿ ಸಕ್ಕರೆ ಅಚ್ಚು ಇಲ್ಲದಿದ್ದರೆ ಹಬ್ಬವೇ ಸಪ್ಪೆ. ಹಿಂದಿನ ರಾತ್ರಿಯೇ ಅಚ್ಚುಗಳನ್ನು ನೀರಿನಲ್ಲಿ ಮುಳುಗಿಸಿಡಬೇಕು. ಒಣಗಿದ ಮರಕ್ಕೆ ಪಾಕ ಸುರಿದರೆ ಅದು ಮರದ ಸಂದುಗಳಿಗೆ ಇಳಿದು ಅಲ್ಲೇ ಗಟ್ಟಿಯಾಗುತ್ತದೆ. ಅಚ್ಚು ಬಿಡಿಸಿದಾಗ ಆನೆ ಹೊರಗೆ ಬರುತ್ತದೆ, ಸೊಂಡಿಲು ಒಳಗೇ ಉಳಿಯುತ್ತದೆ. ಮೊದಲೇ ಹೊಟ್ಟೆ ತುಂಬ ನೀರು ಕುಡಿದ ಮರಕ್ಕೆ ಪಾಕದ ಆಸೆ ಇರುವುದಿಲ್ಲ.

ಬೇಕಾಗುವುದು ಸಕ್ಕರೆ, ನೀರು, ಒಂದೆರಡು ಚಮಚ ಹಾಲು. ಕುದಿಯುವ ಪಾಕಕ್ಕೆ ಬಿದ್ದ ಹಾಲಿನ ಪ್ರೋಟೀನು ಬಿಸಿಗೆ ಗಂಟುಕಟ್ಟಿ, ಸಕ್ಕರೆಯ ಕೊಳೆಯನ್ನು ತನಗಂಟಿಸಿಕೊಂಡು ನೊರೆಯಾಗಿ ಮೇಲೇಳುತ್ತದೆ. ಅದನ್ನು ತೆಗೆದು, ಪಾಕವನ್ನು ಬಟ್ಟೆಯಲ್ಲಿ ಸೋಸಿದರಾಯಿತು. ಈಗಿನ ಸಕ್ಕರೆಯಲ್ಲಿ ಅಷ್ಟೇನೂ ಕೊಳೆಯಿಲ್ಲ. ಆದರೂ ನಾನು ಹಾಲು ಹಾಕುವುದನ್ನು ಬಿಟ್ಟಿಲ್ಲ.

ನಿಜವಾದ ಆಟ ಶುರುವಾಗುವುದು ಇಲ್ಲಿಂದ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಗ್ರಾಂ ನೀರು ಸುಮಾರು 200 ಗ್ರಾಂ ಸಕ್ಕರೆಯನ್ನು ಕರಗಿಸಿಕೊಳ್ಳುತ್ತದೆ. 100 ಡಿಗ್ರಿಯಲ್ಲಿ 480 ಗ್ರಾಂಗೂ ಹೆಚ್ಚು. ಬಿಸಿಯಿರುವಾಗ ಹೊತ್ತುಕೊಂಡ ಆ ಹೊರೆಯನ್ನು ತಣಿಯುವಾಗ ಎಲ್ಲಾದರೂ ಇಳಿಸಲೇಬೇಕು. ಹೀಗೆ ತಾಳಲಾರದಷ್ಟು ಸಕ್ಕರೆ ಹೊತ್ತು ನಿಂತ ಪಾಕಕ್ಕೆ ವಿಜ್ಞಾನದಲ್ಲಿ ಅತಿಪರ್ಯಾಪ್ತ ದ್ರಾವಣ ಎಂದು ಹೆಸರು. ಕದಡದೆ ಬಿಟ್ಟರೆ ಅದು ಕೆಲಕಾಲ ಹಾಗೆಯೇ ಇದ್ದೀತು. ಆದರೆ ನಾವು ಬಿಡುವುದಿಲ್ಲ. ಒಂದೆಳೆ ಪಾಕವನ್ನು ನಾಲ್ಕು ಸೌಟಿನಷ್ಟು ಸಣ್ಣ ಪಾತ್ರೆಗೆ ತೆಗೆದುಕೊಂಡು, ಮತ್ತೆ ಕುದಿಸಿ, ಕೆಳಗಿಳಿಸಿ, ಸೌಟಿನಿಂದ ಪಾತ್ರೆಯ ಅಂಚಿಗೆ ಉಜ್ಜುತ್ತೇವೆ. ಉಜ್ಜಿದ ಜಾಗದಲ್ಲಿ ಕಣ್ಣಿಗೆ ಕಾಣದ ಹರಳುಗಳು ಹುಟ್ಟುತ್ತವೆ. ಕೈಯಾಡಿಸಿದಂತೆ ಅವು ಪಾಕದ ತುಂಬ ಹರಡಿ, ಒಂದೊಂದೂ ಬೀಜವಾಗಿ ಸುತ್ತಲಿನ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಗಾಜಿನಂತೆ ತಿಳಿಯಾಗಿದ್ದ ಪಾಕ ಮಂಕಾಗಿ, ನೋಡನೋಡುತ್ತಲೇ ಬೆಳ್ಳಗಾಗುತ್ತದೆ. ಬಣ್ಣವೇನೂ ಸೇರಿಲ್ಲ, ಅಸಂಖ್ಯ ಹರಳುಗಳು ಬೆಳಕನ್ನು ದಿಕ್ಕಾಪಾಲಾಗಿ ಚೆದುರಿಸುತ್ತಿವೆ, ಅಷ್ಟೇ. ಅಚ್ಚಿಗೆ ಸುರಿಯಬೇಕಾದದ್ದು ಈ ಗಳಿಗೆಯಲ್ಲಿ. ಒಂದು ಕ್ಷಣ ತಡವಾದರೆ ಪಾತ್ರೆಯೇ ಅಚ್ಚಾಗುತ್ತದೆ! ಸಣ್ಣ ಪಾತ್ರೆಯಲ್ಲಿ ಸ್ವಲ್ಪ ಸ್ವಲ್ಪವೇ ಮಾಡುವುದು ಅದಕ್ಕೇ.

ಇದೇ ಪಾಕದಲ್ಲಿ ದಾರ ಇಳಿಬಿಟ್ಟು ದಿನಗಟ್ಟಲೆ ಅಲುಗಾಡಿಸದೆ ಇಟ್ಟರೆ ಹರಳುಗಳು ಕೆಲವೇ ಹುಟ್ಟುತ್ತವೆ, ಸಾವಕಾಶವಾಗಿ ದಪ್ಪವಾಗುತ್ತವೆ. ಅದು ಕಲ್ಲುಸಕ್ಕರೆ. ಅವಸರದ ತಮ್ಮ ಸಕ್ಕರೆ ಅಚ್ಚು.

ಪಾಕದ ಹದಕ್ಕೆ ಥರ್ಮಾಮೀಟರ್ ಕೊಳ್ಳಿ ಎಂದು ಈಚೆಗೆ ಸಲಹೆ ಕೊಡುವವರಿದ್ದಾರೆ. ಕೊಳ್ಳಬಹುದು. ಆದರೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಪಾಕದ ಹದವೂ ಅಷ್ಟೇ ಕೆಳಗಿಳಿಯುತ್ತದೆ. ಕಡಲತೀರದ ಅಡುಗೆಮನೆಯ ಅಂಕಿಯನ್ನು ಇಲ್ಲಿ ನಂಬಿ ಕೂತರೆ ಪಾಕ ಏರಿಹೋಗುತ್ತದೆ. ಹೆಬ್ಬೆರಳು ತೋರುಬೆರಳ ನಡುವೆ ಎಳೆ ತೆಗೆದು ನೋಡುವ ಅಜ್ಜಿಯ ಪರೀಕ್ಷೆ ಅಳೆಯುವುದು ಪಾಕದ ಅಂಟನ್ನು. ಊರು ಎತ್ತರದಲ್ಲಿದ್ದರೇನು, ತಗ್ಗಿನಲ್ಲಿದ್ದರೇನು, ಬೆರಳಿಗೆ ಎಲ್ಲ ಒಂದೇ.

ಒಂದು ವರ್ಷ ನಾನು ಬುದ್ಧಿವಂತಿಕೆ ಮಾಡಲು ಹೋಗಿ ಪಾಕಕ್ಕೆ ಒಂದು ಹೋಳು ನಿಂಬೆಹಣ್ಣು ಹಿಂಡಿದೆ. ಜಾಮೂನಿನ ಪಾಕಕ್ಕೆ ಹಿಂಡುತ್ತೇವಲ್ಲ, ಇದಕ್ಕೇಕೆ ಬೇಡ ಎಂಬ ತರ್ಕ. ಜಾಮೂನಿಗೆ ಹಿಂಡುವುದೇ ಪಾಕ ಹರಳುಗಟ್ಟದಿರಲಿ ಎಂದು! ಸಕ್ಕರೆಯ ಅಣುವೆಂದರೆ ಗ್ಲೂಕೋಸ್ ಮತ್ತು ಫ್ರಕ್ಟೋಸ್‌ಗಳ ಜೋಡಿ. ಹುಳಿ ಮತ್ತು ಬಿಸಿ ಸೇರಿ ಒಂದಷ್ಟು ಜೋಡಿಗಳನ್ನು ಬಿಡಿಸುತ್ತವೆ. ಬಿಡಿಯಾದ ಈ ಅಣುಗಳು ಉಳಿದ ಸಕ್ಕರೆ ಸಾಲುಗಟ್ಟಿ ಕೂರುವುದಕ್ಕೆ ಅಡ್ಡ ಬರುತ್ತವೆ. ನನ್ನ ನವಿಲುಗಳು ಅಚ್ಚಿನೊಳಗೆ ಅಂಟಂಟಾಗಿ ಮಲಗಿದ್ದವು, ಏಳಲೇ ಇಲ್ಲ.

ಮುರಿದ ಅಚ್ಚಿನ ಚೂರುಗಳಿಗೆ ಎರಡು ಸೌಟು ನೀರು ಬೆರೆಸಿ ಮತ್ತೆ ಪಾಕ ಮಾಡಿಕೊಳ್ಳಬಹುದು. ಕರಗಿದ್ದು ಮತ್ತೆ ಹರಳಾಗುತ್ತದೆ. ನಿಂಬೆ ಬಿಡಿಸಿದ ಜೋಡಿಯನ್ನು ಮಾತ್ರ ಯಾವ ಸೌಟೂ ಕೂಡಿಸಲಾರದು. ಆ ಪಾಕ ಬಾಟಲಿ ಸೇರಿತು. ಯುಗಾದಿಯವರೆಗೂ ಮನೆಗೆ ಬಂದವರಿಗೆಲ್ಲ ಶರಬತ್ತು.