ತುಳುಕುವ ಹೊರೆ: ಅರ್ಧ ಕ್ಯಾನ್ ನೀರಿನಿಂದ ಶಕ್ತಿ ಪಾಠ

ತುಂಬಿದ ಕೊಡ ತುಳುಕುವುದಿಲ್ಲ ಅನ್ನುವ ಗಾದೆಯನ್ನು ಇವತ್ತು ಅಕ್ಷರಶಃ ತೆಗೆದುಕೊಳ್ಳೋಣ. 20 ಲೀಟರ್ ಕ್ಯಾನಿಗೆ ಪೂರ್ತಿ ನೀರು ತುಂಬಿಸಿ ಎತ್ತಿ. ಭಾರವೇನೋ ಇದೆ, ಆದರೆ ಅದು ಕಲ್ಲಿನ ಹಾಗೆ ಸುಮ್ನೆ ಕೂತಿರುತ್ತದೆ. ಈಗ ಅರ್ಧ ಚೆಲ್ಲಿ. ಉಳಿದದ್ದು 10 ಲೀಟರ್, ಅಂದರೆ 10 ಕೆ.ಜಿ. ಎದೆಗೆ ಅಪ್ಪಿಕೊಂಡು ನಡೆದು ನೋಡಿ. ನೀವು ತಿರುಗಿದರೆ ನೀರು ಒಂದು ಕ್ಷಣ ತಡವಾಗಿ ತಿರುಗುತ್ತದೆ. ನೀವು ನಿಂತರೂ ಅದು ಮುಂದಕ್ಕೆ ನುಗ್ಗುತ್ತದೆ. ಟ್ಯಾಂಕರ್ ಲಾರಿಗಳ ಒಳಗೆ ತೂತಿರುವ ಅಡ್ಡ ತಗಡುಗಳನ್ನು ಹಾಕುವುದು ಈ ನುಗ್ಗಾಟ ತಡೆಯುವುದಕ್ಕೇ. ನಮ್ಮ ಕ್ಯಾನಿನಲ್ಲಿ ತಗಡಿಲ್ಲ. ಆ ಕೆಲಸ ಹೊಟ್ಟೆ, ಸೊಂಟ, ಬೆನ್ನಿನ ಸ್ನಾಯುಗಳ ಪಾಲಿಗೆ ಬರುತ್ತದೆ.

ಇದರ ಹಿಂದಿನ ಲೆಕ್ಕ ಸರಳ. ಹೊರೆ ಬೆನ್ನುಮೂಳೆಯಿಂದ ಎಷ್ಟು ದೂರ ಇದೆಯೋ ಅಷ್ಟು ಜಾಸ್ತಿ ಅದು ನಮ್ಮನ್ನು ಮುಂದಕ್ಕೆ ಬಗ್ಗಿಸುತ್ತದೆ. 20 ಸೆಂ.ಮೀ. ದೂರದಲ್ಲಿದ್ದ 10 ಕೆ.ಜಿ.ಯನ್ನು 40 ಸೆಂ.ಮೀ.ಗೆ ಒಯ್ದರೆ ಬಗ್ಗಿಸುವ ಬಲ ಎರಡು ಪಟ್ಟು. ಬಾರ್ಬೆಲ್ಲಿನಲ್ಲಿ, ಅಂದರೆ ಎರಡೂ ತುದಿಗೆ ತೂಕ ಸಿಕ್ಕಿಸಿದ ಉದ್ದ ಸರಳಿನಲ್ಲಿ, ಈ ದೂರವನ್ನು ನಾವೇ ನಿರ್ಧರಿಸುತ್ತೇವೆ. ಮರಳು ಚೀಲದಲ್ಲಿ, ನೀರಿನ ಕ್ಯಾನಿನಲ್ಲಿ ಅದು ಎತ್ತುವಾಗಲೇ ಬದಲಾಗುತ್ತದೆ. ನಾವು ಕೈ ಎತ್ತುವ ಮೊದಲೇ ಹೊಟ್ಟೆಯ ಸ್ನಾಯುಗಳು ಸ್ವಲ್ಪ ಬಿಗಿಯಾಗುತ್ತವೆ, ಗೊತ್ತಾ? ಮೆದುಳು ಭಾರವನ್ನು ಮೊದಲೇ ಊಹಿಸಿ ಸಿದ್ಧತೆ ಮಾಡಿರುತ್ತದೆ. ತುಳುಕುವ ಹೊರೆ ಆ ಊಹೆಯನ್ನು ಪದೇ ಪದೇ ಕೆಡಿಸುತ್ತದೆ. ತಪ್ಪಿದ್ದನ್ನು ಬೇಗ ಸರಿಪಡಿಸಿಕೊಳ್ಳುವುದೇ ಇಲ್ಲಿನ ಅಭ್ಯಾಸ.

ನಿದ್ದೆ ಹೋದ ಮಗುವನ್ನು ಎತ್ತಿದವರಿಗೆ ಇದು ಚೆನ್ನಾಗಿ ಗೊತ್ತು. ಎಚ್ಚರ ಇದ್ದಾಗ ಮಗು ಕುತ್ತಿಗೆ ಹಿಡಿದುಕೊಳ್ಳುತ್ತದೆ, ಕಾಲನ್ನು ಸೊಂಟಕ್ಕೆ ಸುತ್ತುತ್ತದೆ, ಮೈಗೆ ಅಂಟಿಕೊಳ್ಳುತ್ತದೆ. ನಿದ್ದೆ ಬಂದ ಕೂಡಲೇ ತಲೆ ಒಂದು ಕಡೆ, ಕಾಲು ಇನ್ನೊಂದು ಕಡೆ ಜೋತುಬೀಳುತ್ತವೆ. ತೂಕ ಒಂದು ಗ್ರಾಮೂ ಹೆಚ್ಚಿಲ್ಲ, ಆದರೂ ಹೆಣಭಾರ. ಹಾಸಿಗೆ ಸಾಗಿಸುವುದು, ಬಿದ್ದವರನ್ನು ಎಬ್ಬಿಸುವುದು ಎಲ್ಲಾ ಇದೇ ಜಾತಿ. ಹಿಡಿ ಇರುವ, ಎರಡೂ ಕಡೆ ಸಮ ತೂಕದ ವಸ್ತು ದಿನನಿತ್ಯದಲ್ಲಿ ಎಷ್ಟು ಸಲ ಸಿಗುತ್ತದೆ ಹೇಳಿ?

ಇಲ್ಲಿ ಬಹಳ ಜನ ಎಡವುವ ಒಂದು ಜಾಗ ಇದೆ. ಅಲುಗಾಡಬೇಕಾದ್ದು ಹೊರೆ, ಕಾಲ ಕೆಳಗಿನ ನೆಲವಲ್ಲ. ಗಾಳಿ ತುಂಬಿದ ಚೆಂಡು, ಓಲಾಡುವ ಹಲಗೆ ಇವುಗಳ ಮೇಲೆ ಭಾರ ಎತ್ತುವುದು ನೋಡಲು ಕಷ್ಟದ ವಿದ್ಯೆ. ಆದರೆ ಆಂಡರ್ಸನ್ ಮತ್ತು ಬೆಮ್ ಎಂಬ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೆಂಚಿನ ಬದಲು ಚೆಂಡಿನ ಮೇಲೆ ಮಲಗಿ ಎದೆಯ ಬಲದಿಂದ ತಳ್ಳಿದಾಗ ಹೊರಬಂದ ಬಲ ಸುಮಾರು ಶೇ. 60ರಷ್ಟು ಕಡಿಮೆಯಾಗಿತ್ತು. ಸ್ನಾಯುಗಳ ವಿದ್ಯುತ್ ಚಟುವಟಿಕೆ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇತ್ತು. ದುಡಿಮೆ ಇದೆ, ಆದರೆ ಅದರ ಬಹುಪಾಲು ಬೀಳದೆ ಉಳಿಯುವುದಕ್ಕೇ ಖರ್ಚು. ಗಾಯವಾದ ಕಾಲು ಚೇತರಿಸಿಕೊಳ್ಳಲು ಅಂಥ ಹಲಗೆ ಉಪಯೋಗಕ್ಕೆ ಬರುತ್ತದೆ. ಭಾರ ಹೊತ್ತು ಅದರ ಮೇಲೆ ನಿಲ್ಲುವುದು ನನ್ನ ಪ್ರಕಾರ ಸರ್ಕಸ್ಸು.

ಹಾಗಾಗಿ ಬಾರ್ಬೆಲ್, ಡಂಬೆಲ್ ಬಿಡಬೇಡಿ. ಮೂಲ ಶಕ್ತಿ ಅಲ್ಲೇ ಬೆಳೆಯುತ್ತದೆ, ಏಕೆಂದರೆ ತೂಕವನ್ನು ಸ್ವಲ್ಪ ಸ್ವಲ್ಪವೇ ಏರಿಸುವುದು ಅಲ್ಲಿ ಸುಲಭ. ವಾರಕ್ಕೆ ಒಂದೆರಡು ದಿನ ಚೀಲ ಸೇರಿಸಿದರೆ ಸಾಕು. ಗಟ್ಟಿ ಚೀಲದ ಒಳಗೆ ಮರಳಿನ ಸಣ್ಣ ಸಣ್ಣ ಪೊಟ್ಟಣಗಳನ್ನಿಡಿ, ತೂಕ ಹೆಚ್ಚುಕಡಿಮೆ ಮಾಡಲು ಅನುಕೂಲ. ಮೂರರಲ್ಲಿ ಎರಡು ಪಾಲು ತುಂಬಿಸಿ, ಉಳಿದ ಜಾಗ ಮರಳು ಓಡಾಡಲು. 20 ಕೆ.ಜಿ. ಡಂಬೆಲ್ಲನ್ನು ನೆಲದಿಂದ ಆರಾಮಾಗಿ ಎತ್ತುವವರು 12 ಕೆ.ಜಿ. ಚೀಲದಿಂದ ಶುರು ಮಾಡಲಿ.

ನನಗೆ ಹಿಡಿಸಿದ್ದು ಹೆಗಲಿಗೆ ಏರಿಸುವುದು. ಚೀಲವನ್ನು ಪಾದಗಳ ನಡುವೆ ಇಟ್ಟು, ಸೊಂಟದಿಂದ ಬಗ್ಗಿ, ಬೆನ್ನು ಗೂನಾಗದಂತೆ ಎರಡು ಕೈಯಿಂದ ಬಾಚಿ ತಬ್ಬಿಕೊಳ್ಳಿ. ಮೊದಲು ಮಡಿಲಿಗೆ, ಅಲ್ಲಿಂದ ಸೊಂಟದ ಒಂದು ತಳ್ಳಿನಲ್ಲಿ ಹೆಗಲಿಗೆ. ಇಳಿಸಿ, ಮುಂದಿನ ಸಲ ಇನ್ನೊಂದು ಹೆಗಲು. ಒಂದೊಂದು ಹೆಗಲಿಗೆ ಐದಾರು ಸಲ, ಆಮೇಲೆ ಎರಡು ನಿಮಿಷ ಬಿಡುವು. ಎಡ ಹೆಗಲು ಬಲ ಹೆಗಲಿನಷ್ಟು ಒಳ್ಳೆಯದಲ್ಲ ಅನ್ನುವುದು ಮೊದಲ ದಿನವೇ ತಿಳಿಯುತ್ತದೆ. ಉಳಿದಂತೆ, ಅಪ್ಪಿಕೊಂಡು 20-30 ಮೀಟರ್ ನಡೆಯುವುದು, ಒಂದೇ ಕೈಯಲ್ಲಿ ಹಿಡಿದು ವಾಲದೆ ನಡೆಯುವುದು. ಬೆನ್ನು ನೋವು, ಹರ್ನಿಯಾ, ರಕ್ತದೊತ್ತಡ ಇರುವವರು ಮೊದಲು ವೈದ್ಯರನ್ನು ಕೇಳಿ. ಉಸಿರು ಬಿಗಿಹಿಡಿದು ಎತ್ತುವಾಗ ಒತ್ತಡ ತುಂಬಾ ಏರುತ್ತದೆ.

ಆತ್ಮರಕ್ಷಣೆಗೆ ಇದು ಎಷ್ಟು ಉಪಯೋಗ? ಅರ್ಧ ಉಪಯೋಗ. ಕುಸ್ತಿಯವರು ಜೊತೆಗಾರನನ್ನೇ ಎತ್ತಿ ಅಭ್ಯಾಸ ಮಾಡುವುದು ಸುಮ್ನೆ ಅಲ್ಲ. ಮೈಗೆ ಮೈ ತಾಗಿ ಹಿಡಿದಾಗ ಎದುರಿನವನು ಮಿಸುಕುತ್ತಾನೆ, ಜೋತುಬೀಳುತ್ತಾನೆ, ಎಳೆಯುತ್ತಾನೆ, ಹಿಡಿಯಲು ಹಿಡಿ ಇರುವುದಿಲ್ಲ. ಚೀಲ ತಬ್ಬಿದ ಕೈಗೆ ಆ ಹಿಡಿತ ಹೊಸದಲ್ಲ. ಎದೆಯ ಮೇಲೆ ಚೀಲ ಇಟ್ಟುಕೊಂಡು ನೆಲದಿಂದ ಎದ್ದು ನಿಲ್ಲುವುದನ್ನೂ ಕಲಿಯಿರಿ. ಬಿದ್ದಾಗ ಬೇಗ ಎದ್ದು ಓಡುವುದೇ ಮುಕ್ಕಾಲು ರಕ್ಷಣೆ, ಅಲ್ವಾ? ಆದರೆ ಚೀಲ ತಿರುಗಿ ಹೊಡೆಯುವುದಿಲ್ಲ. ದೂರ ಅಳೆಯುವುದು, ಹೊಡೆತ ತಪ್ಪಿಸುವುದು, ಅಪಾಯವನ್ನು ಮೊದಲೇ ಗುರುತಿಸುವುದು ಇವೆಲ್ಲ ಚೀಲದಿಂದ ಬರುವುದಿಲ್ಲ. ಅದಕ್ಕೆ ಗುರುವೂ ಬೇಕು, ಎದುರು ನಿಲ್ಲುವ ಮನುಷ್ಯನೂ ಬೇಕು.

ಇನ್ನು ಕ್ಯಾನಿನ ಮುಚ್ಚಳ. ಟೇಪ್ ಸುತ್ತಿ ಬಿಗಿ ಮಾಡಿ, ಆಮೇಲೆ ತಲೆಕೆಳಗು ಮಾಡಿ ಪರೀಕ್ಷಿಸಿ. ನಾನು ಪರೀಕ್ಷಿಸಿದ್ದು ಹೆಗಲಿಗೆ ಏರಿಸಿದ ಮೇಲೆ. ಕಿವಿಯೊಳಗೆ ನೀರು ಹೋಗಿದ್ದು ಬಿಟ್ಟರೆ ಬೇರೆ ನಷ್ಟ ಆಗಲಿಲ್ಲ.