ಹಳೇ ಕಾರಿದ್ದರೆ ಬಿಪಿಎಲ್ ಕಾರ್ಡ್ ಹೋಗುತ್ತಾ?

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಕಾರೊಂದು ತಗೊಂಡಿದ್ದೇವೆ. ಕೊಟ್ಟ ದುಡ್ಡು ಹೊಸ ಬೈಕಿನ ಬೆಲೆಗಿಂತ ಕಡಿಮೆ. ಇದೊಂದಕ್ಕೇ ಬಿಪಿಎಲ್ ಕಾರ್ಡ್ ರದ್ದಾಗುತ್ತಾ?

ನಿಯಮದ ಪ್ರಕಾರ, ಹೌದು, ಆಗಬಹುದು. ಕರ್ನಾಟಕದಲ್ಲಿ ಕಾರು ಎಷ್ಟು ಹಳೇದು, ಎಷ್ಟಕ್ಕೆ ಬಂತು ಅನ್ನುವುದು ಲೆಕ್ಕಕ್ಕಿಲ್ಲ. ಮನೆ ಬಳಕೆಯ ವೈಟ್ ಬೋರ್ಡ್ ಕಾರಿದ್ದ ಕುಟುಂಬ ಬಿಪಿಎಲ್‌ಗೆ ಅರ್ಹ ಅಲ್ಲ, ಅಷ್ಟೇ. ಹೊಟ್ಟೆಪಾಡಿಗೆ ಸ್ವತಃ ಓಡಿಸುವ ಒಂದು ಟ್ಯಾಕ್ಸಿ, ಮ್ಯಾಕ್ಸಿಕ್ಯಾಬ್ ಅಥವಾ ಟ್ರ್ಯಾಕ್ಟರಿಗೆ ಮಾತ್ರ ವಿನಾಯಿತಿ. ಅಂದರೆ ಎಂಟು ಲಕ್ಷದ ಟ್ಯಾಕ್ಸಿ ಪಾಸು, ಅರವತ್ತು ಸಾವಿರದ ಡಕೋಟಾ ಕಾರು ಫೇಲು. ವಿಚಿತ್ರ ಅಲ್ವಾ?

ಇದಕ್ಕೊಂದು ಕಾರಣ ಇದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ದೇಶದ ಹಳ್ಳಿಗಳಲ್ಲಿ ಶೇ 75, ಪಟ್ಟಣಗಳಲ್ಲಿ ಶೇ 50ರಷ್ಟು ಜನರಿಗೆ ಧಾನ್ಯ ಕೊಡಬಹುದು ಅಂತ ಮಿತಿ ಹಾಕಿತು. ಆ ಮಿತಿಯೊಳಗೆ ಯಾರನ್ನು ಸೇರಿಸಬೇಕು ಅನ್ನುವುದನ್ನು ರಾಜ್ಯಗಳಿಗೆ ಬಿಟ್ಟಿತು. ಆದಾಯ ನೋಡಿ ಆರಿಸೋಣ ಅಂದರೆ, ವಾರಕ್ಕೊಮ್ಮೆ ಮೇಸ್ತ್ರಿ ಕೈಯಿಂದ ಬಟವಾಡೆ ತಗೊಳ್ಳುವವರ ಹತ್ತಿರ ಸ್ಯಾಲರಿ ಸ್ಲಿಪ್ ಎಲ್ಲಿಂದ ಬರಬೇಕು? ಅದಕ್ಕೇ ಕಣ್ಣಿಗೆ ಕಾಣುವ, ದಾಖಲೆಯಲ್ಲಿ ಸಿಗುವ ವಸ್ತುಗಳ ಮೇಲೆ ಗೆರೆ ಎಳೆದರು. ಕಾರು, 3 ಹೆಕ್ಟೇರಿಗಿಂತ ಜಾಸ್ತಿ ಒಣಭೂಮಿ, ಪಟ್ಟಣದಲ್ಲಿ 1000 ಚದರಡಿ ಮೀರಿದ ಸ್ವಂತ ಮನೆ. ಬೀರುವಿನಲ್ಲಿರುವ ಚಿನ್ನ ಈ ಪಟ್ಟಿಯಲ್ಲಿಲ್ಲ. ಇರುವುದಕ್ಕಿಂತ ದಾಖಲೆಯಲ್ಲಿ ಸಿಕ್ಕಿಬೀಳುವುದೇ ಇಲ್ಲಿ ಆಸ್ತಿ.

ಆದಾಯದ ಮಿತಿಯಂತೂ ಇನ್ನೂ ತಮಾಷೆ. ಇಡೀ ಕುಟುಂಬಕ್ಕೆ ವರ್ಷಕ್ಕೆ 1.2 ಲಕ್ಷ ರೂಪಾಯಿ, ಅಂದರೆ ತಿಂಗಳಿಗೆ 10 ಸಾವಿರ. 2025-26ರಲ್ಲಿ ರಾಜ್ಯದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಅದೇ ದರದಲ್ಲಿ ಗಂಡ ಹೆಂಡತಿ ಇಬ್ಬರೂ ವರ್ಷದಲ್ಲಿ ತಲಾ 163 ದಿನ ಕೂಲಿಗೆ ಹೋದರೆ ಮಿತಿ ದಾಟಿಬಿಡುತ್ತದೆ. ಅರ್ಧ ವರ್ಷವೂ ಆಗಲಿಲ್ಲ! ನನ್ನ ಪ್ರಕಾರ ಮೊದಲು ತಿದ್ದಬೇಕಾದದ್ದು ಈ ಗೆರೆ. ಸರಿಯಾಗಿ ಲೆಕ್ಕ ಹಾಕಿದರೆ ಕೂಲಿ ಮಾಡುವ ಎಷ್ಟೋ ಮನೆಗಳು ಇದರಿಂದ ಹೊರಗೆ ಬೀಳುತ್ತವೆ. ಅವರ ಕಾರ್ಡ್ ಉಳಿದಿರುವುದು ಯಾರೂ ಸರಿಯಾಗಿ ಲೆಕ್ಕ ಹಾಕದೇ ಇರುವುದರಿಂದ.

ನಿಯಮ ಇದ್ದ ಮಾತ್ರಕ್ಕೆ ನಾಳೆಯೇ ಕಾರ್ಡ್ ಹೋಗುತ್ತದೆ ಅಂತಲೂ ಅಲ್ಲ. 2024ರ ನವೆಂಬರಿನಲ್ಲಿ ಕಾರ್ಡ್ ರದ್ದತಿ ದೊಡ್ಡ ಗಲಾಟೆಯಾಯಿತು. ಆಗ ಸರ್ಕಾರ, ಆದಾಯ ತೆರಿಗೆ ಕಟ್ಟುವವರು ಮತ್ತು ಸರ್ಕಾರಿ ನೌಕರರದ್ದು ಬಿಟ್ಟು ಉಳಿದವರ ಕಾರ್ಡ್ ಮುಟ್ಟುವುದಿಲ್ಲ ಅಂತ ಹೇಳಿತು. ಆದರೆ 2025ರಲ್ಲಿ ಕೇಂದ್ರವೇ ತೆರಿಗೆ, ವಾಹನ, ಕಂಪನಿ ನಿರ್ದೇಶಕರ ದಾಖಲೆಗಳನ್ನು ರೇಷನ್ ಕಾರ್ಡ್ ಜೊತೆ ತಾಳೆ ನೋಡಿ ರಾಜ್ಯಗಳಿಗೆ ಪಟ್ಟಿ ಕಳಿಸಿತು. ಹಾಗಾಗಿ ಕತ್ತಿ ತೂಗುತ್ತಲೇ ಇದೆ.

ಈ ತಾಳೆ ನೋಡುವ ಕೆಲಸದಲ್ಲಿ ಸುಮ್ನೆ ಸಿಕ್ಕಿಹಾಕಿಕೊಳ್ಳುವವರೂ ಇದ್ದಾರೆ. ಕಾರು ಮಾರಿ ಕೀ ಕೊಟ್ಟಾಗಿದೆ, ಆದರೆ ಆರ್‌ಸಿಯಲ್ಲಿ ಇನ್ನೂ ನಿಮ್ಮದೇ ಹೆಸರು. ಕಂಪ್ಯೂಟರಿಗೆ ಆ ಕಾರು ಈಗಲೂ ನಿಮ್ಮದೇ! ಮಾರಿದವರು ಫಾರ್ಮ್ 29, 30ಕ್ಕೆ ಸಹಿ ಹಾಕಿಕೊಟ್ಟರೆ ಸಾಲದು, ಹೆಸರು ಬದಲಾಗಿದೆಯೇ ಅಂತ ಆರ್‌ಟಿಓದಲ್ಲಿ ಖಾತ್ರಿ ಮಾಡಿಕೊಳ್ಳಿ. ಇನ್ನೊಂದು, ಸಾಲ ಬೇಗ ಸಿಗಲಿ ಅಂತ ಆದಾಯ ಮೂರೋ ನಾಲ್ಕೋ ಲಕ್ಷ ತೋರಿಸಿ ಐಟಿ ರಿಟರ್ನ್ಸ್ ಹಾಕಿಸುವುದು. ತೆರಿಗೆ ಸೊನ್ನೆ ಬಂದರೂ, ಬಿಪಿಎಲ್ ಮಿತಿಗಿಂತ ಜಾಸ್ತಿ ಆದಾಯ ಇದೆ ಅಂತ ನೀವೇ ಬರೆದುಕೊಟ್ಟಂತಾಯಿತು.

ಕಾರ್ಡ್ ಹೋದರೆ ಕಷ್ಟ ಬರೀ ಅಕ್ಕಿಯದ್ದಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಮನೆಯಲ್ಲಿ ಆಪರೇಷನ್, ಡಯಾಲಿಸಿಸ್ ಅಂತ ಏನಾದರೂ ಇದ್ದರೆ ಕಾರಿಗೆ ಅಡ್ವಾನ್ಸ್ ಕೊಡುವ ಮೊದಲೇ ಈ ಲೆಕ್ಕ ಹಾಕಿ. ಕಾರ್ಡ್ ಆಗಲೇ ರದ್ದಾಗಿದ್ದರೆ, ಏನು ಕಾರಣ ಕೊಟ್ಟಿದ್ದಾರೆ ಅಂತ ತಾಲ್ಲೂಕು ಕಚೇರಿಯ ಆಹಾರ ಶಾಖೆಯಲ್ಲಿ ಕೇಳಿ. ಅದು ತಪ್ಪಿದ್ದರೆ ದಾಖಲೆ ಜೊತೆಗಿಟ್ಟು ಅರ್ಜಿ ಕೊಡಿ, ಸ್ವೀಕೃತಿ ಪಡೆಯದೆ ಬರಬೇಡಿ.