ಆಕರ ಹುಡುಕುವುದು, ಆಕರ ಅಳೆಯುವುದು: ಅಧ್ಯಯನ ಟಿಪ್ಪಣಿ

'ಮಲಗುವ ಮುನ್ನ ಮೊಬೈಲ್ ನೋಡುವುದರಿಂದ ವಿದ್ಯಾರ್ಥಿಗಳ ನಿದ್ರೆಯ ಮೇಲೆ ಆಗುವ ಪರಿಣಾಮವೇನು?' ಅಸೈನ್‌ಮೆಂಟಿಗೆ ಇಂಥದೊಂದು ಪ್ರಶ್ನೆ ಬಂದರೆ ಹೆಚ್ಚಿನವರು ಇಡೀ ವಾಕ್ಯವನ್ನೇ ಸರ್ಚ್ ಪೆಟ್ಟಿಗೆಗೆ ಹಾಕಿಬಿಡುತ್ತಾರೆ. ಗೂಗಲ್ ಅದನ್ನು ಹೇಗೋ ಅರ್ಥ ಮಾಡಿಕೊಂಡು ಏನನ್ನಾದರೂ ಕೊಡುತ್ತದೆ. ಗ್ರಂಥಾಲಯದ ಎಷ್ಟೋ ಡೇಟಾಬೇಸ್‌ಗಳು ಹಾಗಲ್ಲ. 'ಆಗುವ', 'ಮುನ್ನ' ಮುಂತಾದ ಪದಗಳನ್ನೂ ಹುಡುಕಲು ಹೋಗಿ ಬರಿಗೈಯಲ್ಲಿ ಮರಳುತ್ತವೆ.

ಹಾಗಾಗಿ ಮೊದಲ ಕೆಲಸ, ಪ್ರಶ್ನೆಯನ್ನು ಪರಿಕಲ್ಪನೆಗಳಾಗಿ ಬಿಡಿಸುವುದು. ಇಲ್ಲಿರುವುದು ಮೂರು: ಮೊಬೈಲ್, ನಿದ್ರೆ, ವಿದ್ಯಾರ್ಥಿ. 'ಪರಿಣಾಮ' ಎಂಬುದನ್ನು ಕೈಬಿಡಿ. ಅದನ್ನು ಸೇರಿಸಿದರೆ 'ಪ್ರಭಾವ', 'ಸಂಬಂಧ' ಎಂದು ಬರೆದವರ ಲೇಖನಗಳೆಲ್ಲ ತಪ್ಪಿಹೋಗುತ್ತವೆ. ಪ್ರತಿ ಪರಿಕಲ್ಪನೆಯ ಕೆಳಗೆ, ಬೇರೆಯವರು ಅದನ್ನು ಯಾವ ಯಾವ ಹೆಸರಿನಿಂದ ಕರೆದಿರಬಹುದು ಎಂದು ಪಟ್ಟಿ ಮಾಡಿ. ಒಂದೇ ಪರಿಕಲ್ಪನೆಯ ಪದಗಳ ನಡುವೆ 'ಆರ್' (OR, ಯಾವುದಾದರೂ ಒಂದಿದ್ದರೆ ಸಾಕು), ಪರಿಕಲ್ಪನೆಗಳ ನಡುವೆ 'ಆ್ಯಂಡ್' (AND, ಎಲ್ಲವೂ ಇರಬೇಕು):

(ಮೊಬೈಲ್ ಆರ್ ಸ್ಮಾರ್ಟ್‌ಫೋನ್) ಆ್ಯಂಡ್ (ನಿದ್ರ* ಆರ್ ನಿದ್ದೆ*) ಆ್ಯಂಡ್ ವಿದ್ಯಾರ್ಥಿ*

ದೊಡ್ಡ ಡೇಟಾಬೇಸ್‌ಗಳಲ್ಲಿ ಇಂಗ್ಲಿಷ್ ಪದಗಳನ್ನೇ ಹಾಕಬೇಕಾಗುತ್ತದೆ, ಆದರೆ ತರ್ಕ ಇದೇ. ಕೊನೆಯಲ್ಲಿರುವ ನಕ್ಷತ್ರ ಚಿಹ್ನೆ ಪದದ ಬೇರಿನಿಂದ ಹುಟ್ಟುವ ರೂಪಗಳನ್ನೆಲ್ಲ ಹಿಡಿಯುತ್ತದೆ. ಎಲ್ಲಿ ಕತ್ತರಿಸುತ್ತೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. 'ನಿದ್ರೆ*' ಎಂದರೆ ನಿದ್ರೆಯ, ನಿದ್ರೆಗೆ ಸಿಗುತ್ತವೆ, ನಿದ್ರಾಹೀನತೆ ಸಿಗುವುದಿಲ್ಲ. ಎತ್ವ ತೆಗೆದು 'ನಿದ್ರ*' ಎಂದರೆ ಅದೂ ಸಿಗುತ್ತದೆ. ಇನ್ನೂ ಹಿಂದೆ ಸರಿದು 'ನಿದ*' ಎಂದರೆ ನಿದರ್ಶನಗಳೆಲ್ಲ ನುಗ್ಗಿಬರುತ್ತವೆ. ಗೂಗಲ್‌ನಲ್ಲಿ ಮಾತ್ರ ಈ ಚಿಹ್ನೆ ಹೀಗೆ ಕೆಲಸ ಮಾಡುವುದಿಲ್ಲ.

ಆವರಣ ಚಿಹ್ನೆ ಮರೆಯಬೇಡಿ. ಆವರಣವಿಲ್ಲದ ಸಾಲನ್ನು ವೈದ್ಯಕೀಯ ಲೇಖನಗಳ ಡೇಟಾಬೇಸ್ ಆದ ಪಬ್‌ಮೆಡ್ ಎಡದಿಂದ ಬಲಕ್ಕೆ ಓದುತ್ತದೆ. ಬೇರೆ ಎಷ್ಟೋ ಡೇಟಾಬೇಸ್‌ಗಳು ಮೊದಲು 'ಆ್ಯಂಡ್' ಬಿಡಿಸಿಕೊಂಡು ಆಮೇಲೆ 'ಆರ್'ಗೆ ಬರುತ್ತವೆ. ಒಂದೇ ಸಾಲಿಗೆ ಎರಡು ಕಡೆ ಎರಡು ಬಗೆಯ ಉತ್ತರ ಬರುವುದು ಇದರಿಂದಲೇ. 'ನಾಟ್' ಬಳಸುವಾಗಲೂ ಎಚ್ಚರ ಬೇಕು: 'ವಯಸ್ಕರು ಬೇಡ' ಎಂದರೆ, ಮಕ್ಕಳನ್ನೂ ವಯಸ್ಕರನ್ನೂ ಹೋಲಿಸಿದ ಒಳ್ಳೆಯ ಲೇಖನವೂ ಹೊರಗೆ ಹೋಗುತ್ತದೆ.

ಪದಗಳೇ ಹೊಳೆಯದಿದ್ದಾಗ, ಸಿಕ್ಕ ಒಂದೇ ಒಂದು ಒಳ್ಳೆಯ ಲೇಖನದ ದಾಖಲೆ ತೆರೆದು ಅದಕ್ಕೆ ಕೊಟ್ಟಿರುವ ವಿಷಯ ಶೀರ್ಷಿಕೆಗಳನ್ನು ನೋಡಿ. ಪಬ್‌ಮೆಡ್‌ನಲ್ಲಿ ಇವನ್ನು ಮೆಶ್ ಎನ್ನುತ್ತಾರೆ. ಲೇಖಕರು ಯಾವ ಪದವನ್ನೇ ಬಳಸಿರಲಿ, ಒಂದೇ ವಿಷಯದ ಲೇಖನಗಳು ಒಂದೇ ಶೀರ್ಷಿಕೆಯಡಿ ಸೇರಿರುತ್ತವೆ. ವಿದ್ವತ್ ಲೇಖನಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರ್‌ನಲ್ಲಿ ಈ ಸೌಲಭ್ಯ ಇಲ್ಲ. ಒಂದು ಹುಡುಕಾಟಕ್ಕೆ ಅದು ಮೊದಲ 1000 ಫಲಿತಾಂಶಗಳಿಗಿಂತ ಹೆಚ್ಚು ತೋರಿಸುವುದೂ ಇಲ್ಲ.

ಇನ್ನು ಸಿಕ್ಕಿದ್ದನ್ನು ಅಳೆಯುವುದು. ಎಲ್ಲ ಕಡೆ ಕಲಿಸುವುದು 2004ರಲ್ಲಿ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯ ಚಿಕೋ ಕ್ಯಾಂಪಸ್ಸಿನ ಗ್ರಂಥಾಲಯದಲ್ಲಿ ರೂಪುಗೊಂಡ ಐದು ಪ್ರಶ್ನೆಗಳ ಪಟ್ಟಿ, ಅಂದರೆ ಇಂಗ್ಲಿಷ್ ಮೊದಲಕ್ಷರಗಳಿಂದ ಹೆಸರು ಪಡೆದ 'ಕ್ರ್ಯಾಪ್' (CRAAP) ಪರೀಕ್ಷೆ: ಮಾಹಿತಿ ಎಷ್ಟು ಹೊಸದು, ನಮ್ಮ ಪ್ರಶ್ನೆಗೆ ಎಷ್ಟು ಹೊಂದುತ್ತದೆ, ಬರೆದವರ ಅಧಿಕಾರವೇನು, ಎಷ್ಟು ನಿಖರ, ಉದ್ದೇಶವೇನು. ಪ್ರಶ್ನೆಗಳು ಸರಿಯಾಗಿಯೇ ಇವೆ. ಉತ್ತರಕ್ಕಾಗಿ ಅದೇ ಪುಟವನ್ನೇ ಕೆದಕುವುದು ತಪ್ಪು. ಮೋಸದ ತಾಣವೂ ದಿನಾಂಕ, ಲೋಗೋ, ಅಡಿಟಿಪ್ಪಣಿ ಎಲ್ಲವನ್ನೂ ಹಾಕಿಕೊಳ್ಳಬಲ್ಲದು.

ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ್ದು ಸ್ಟ್ಯಾನ್‌ಫರ್ಡ್‌ನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಹೊರತಂದ ಅಧ್ಯಯನ. 10 ಇತಿಹಾಸಕಾರರು, ಸುದ್ದಿ-ಹೇಳಿಕೆಗಳ ಸತ್ಯಾಸತ್ಯತೆ ಪರಿಶೀಲಿಸುವುದೇ ವೃತ್ತಿಯಾದ 10 ಫ್ಯಾಕ್ಟ್ ಚೆಕರ್‌ಗಳು, 25 ವಿದ್ಯಾರ್ಥಿಗಳ ಮುಂದೆ ಎರಡು ತಾಣಗಳನ್ನಿಟ್ಟರು: ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಮತ್ತು ಅಮೆರಿಕನ್ ಕಾಲೇಜ್ ಆಫ್ ಪೀಡಿಯಾಟ್ರಿಶಿಯನ್ಸ್. ಹೆಸರು ಕೇಳಿದರೆ ಅಣ್ಣತಮ್ಮಂದಿರಂತಿವೆ. ಮೊದಲನೆಯದು 1930ರಿಂದ ಇರುವ ಮಕ್ಕಳ ವೈದ್ಯರ ದೊಡ್ಡ ವೃತ್ತಿಸಂಘ. ಎರಡನೆಯದು, ಸಲಿಂಗಿ ದಂಪತಿ ಮಕ್ಕಳನ್ನು ದತ್ತು ಪಡೆಯುವ ವಿಷಯದಲ್ಲಿ ಭಿನ್ನಾಭಿಪ್ರಾಯ ಬಂದು 2002ರಲ್ಲಿ ಒಡೆದು ಹೊರಬಂದ ಚಿಕ್ಕ ಗುಂಪು. ಪುಟವನ್ನೇ ಓದುತ್ತ ಕೂತವರಲ್ಲಿ ಎಷ್ಟೋ ಮಂದಿ ಎಡವಿದರು. ಫ್ಯಾಕ್ಟ್ ಚೆಕರ್‌ಗಳು ಹೆಚ್ಚು ಓದದೆ ಹೊಸ ಟ್ಯಾಬ್ ತೆರೆದು, ಆ ಸಂಸ್ಥೆಯ ಬಗ್ಗೆ ಬೇರೆಯವರು ಏನು ಹೇಳಿದ್ದಾರೆಂದು ನೋಡಿದರು. ಇದಕ್ಕೆ ಲ್ಯಾಟರಲ್ ರೀಡಿಂಗ್ ಎಂದು ಹೆಸರು. ಸಂಸ್ಥೆಯ ಹೆಸರು ಹಾಕಿ ಹುಡುಕಿ, ಅದರ ಸ್ವಂತ ತಾಣವನ್ನು ಬಿಟ್ಟು ಮೂರ್ನಾಲ್ಕು ಫಲಿತಾಂಶ ನೋಡಲು ಎರಡೇ ನಿಮಿಷ ಸಾಕು. ತರಗತಿಯಲ್ಲಿ ಒಂದೇ ಒಂದು ಕೌಶಲ ಕಲಿಸಲು ಸಮಯವಿದ್ದರೆ ಕಲಿಸಬೇಕಾದ್ದು ಇದನ್ನೇ.

ಪಿಯರ್ ರಿವ್ಯೂ ಆದ, ಅಂದರೆ ಪ್ರಕಟಣೆಗೆ ಮುನ್ನ ಅದೇ ಕ್ಷೇತ್ರದ ತಜ್ಞರು ಪರಿಶೀಲಿಸಿದ ಲೇಖನಕ್ಕೂ ಈ ಮಾತು ಸಲ್ಲುತ್ತದೆ. ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆಗೂ ಆಟಿಸಂಗೂ ನಂಟು ಸೂಚಿಸಿದ 1998ರ ಲೇಖನ ಬಂದದ್ದು ಹೆಸರಾಂತ ವೈದ್ಯಕೀಯ ಪತ್ರಿಕೆ ದಿ ಲ್ಯಾನ್ಸೆಟ್‌ನಂಥ ಪತ್ರಿಕೆಯಲ್ಲಿ, ಕೇವಲ 12 ಮಕ್ಕಳನ್ನು ಆಧರಿಸಿ. ಪತ್ರಿಕೆ ಅದನ್ನು ಪೂರ್ತಿ ಹಿಂತೆಗೆದುಕೊಂಡದ್ದು 2010ರಲ್ಲಿ. ಅದನ್ನು ಉಲ್ಲೇಖಿಸಿದ ಲೇಖನಗಳಿಗೆ ಲೆಕ್ಕವಿಲ್ಲ, ಅವುಗಳಲ್ಲಿ ಖಂಡಿಸಿದವೇ ಬೇಕಾದಷ್ಟಿವೆ. ಆದ್ದರಿಂದ 'ಸೈಟೆಡ್ ಬೈ' (ಇದನ್ನು ಉಲ್ಲೇಖಿಸಿದ ಲೇಖನಗಳು) ಸಂಖ್ಯೆ ನೋಡಿ ಗುಣ ಅಳೆಯಬೇಡಿ. ಆ ಕೊಂಡಿಯನ್ನು ಒತ್ತಿ, ಆಮೇಲೆ ಬಂದವರು ಏನು ಹೇಳಿದ್ದಾರೆಂದು ಓದಿ.

ಎಐ ಚಾಟ್‌ಬಾಟ್ ಕೊಟ್ಟ ಉಲ್ಲೇಖಗಳನ್ನಂತೂ ಒಂದೊಂದಾಗಿ ಪರಿಶೀಲಿಸಲೇಬೇಕು. ಲೇಖಕರ ಹೆಸರು ನಿಜ, ಪತ್ರಿಕೆ ನಿಜ, ಲೇಖನ ಮಾತ್ರ ಇರುವುದೇ ಇಲ್ಲ ಎಂಬಂಥವು ಬರುತ್ತವೆ. ಪ್ರತಿ ಲೇಖನವನ್ನೂ ಗುರುತಿಸಲು ಕೊಡುವ, 10ರಿಂದ ಶುರುವಾಗುವ ಡಿಒಐ (DOI) ಸಂಖ್ಯೆಯನ್ನು ಡಿಒಐ ತಾಣದಲ್ಲಿ ಹಾಕಿ. ಪುಟ ತೆರೆದುಕೊಂಡ ಮಾತ್ರಕ್ಕೆ ಸಾಲದು, ಶೀರ್ಷಿಕೆಯೂ ತಾಳೆಯಾಗಬೇಕು. ಸಂಖ್ಯೆ ಅಸಲಿಯಾಗಿದ್ದೂ ಅದು ಬೇರೆ ಯಾವುದೋ ಲೇಖನದ್ದಾಗಿರುವುದುಂಟು. ಡಿಒಐ ಇಲ್ಲದಿದ್ದರೆ ಪತ್ರಿಕೆಯ ಆ ಸಂಪುಟ, ಆ ಸಂಚಿಕೆಯ ಪರಿವಿಡಿ ತೆರೆದು ಪುಟಸಂಖ್ಯೆ ಸಮೇತ ಹೋಲಿಸಿ.